ಎರಡು ಟಾಕಿಗೆ ಒಂದೇ ನಂಬರು

ನನ್ನ ಬೆನ್ನಿನಲ್ಲಿ, ಎಡಗಡೆಯ ಪಕ್ಕೆಲುಬಿನ ಹತ್ತಿರ, ಒಂದು ಗುದ್ದಿನ ನೋವು ಇನ್ನೂ ಹೋಗಿಲ್ಲ. ರೊಟ್ಟಿ ಬಡಿಯಲು ಕುಳಿತರೆ ನೆನಪಾಗುತ್ತದೆ, ಸ್ಕೂಟಿ ಹೊಡೆಯುವಾಗ ಗುಂಡಿ ಸಿಕ್ಕರೆ ಇನ್ನೂ ಚೆನ್ನಾಗಿ ನೆನಪಾಗುತ್ತದೆ. ಕಳೆದ ವಾರ ಒಂದು ಕೂಸಿನ ತೊಟ್ಟಿಲ ಕಾರ್ಯಕ್ರಮಕ್ಕೆ ಹೋಗಿದ್ದೆ. ನಮ್ಮ ಕಡೆ ಕೂಸಿಗೆ ಹೆಸರಿಡುವುದು ಸೋದರತ್ತೆಯ ಕೆಲಸ. ಆಕೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು, ಹೆಸರು ಹೇಳಬೇಕು. ಹೇಳುವುದೇ ತಡ, ಹಿಂದೆ ನಿಂತ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಎಂದು ನನ್ನನ್ನು ಕೇಳಬೇಡಿ. ನಾನು ಚಿಕ್ಕಂದಿನಿಂದ ಕೇಳುತ್ತಿದ್ದೇನೆ, ಇದುವರೆಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಮೊದಲ ಸಲ ನಾನು ಸೋದರತ್ತೆಯಾದಾಗ ಇನ್ನೂ ಲಂಗ ಹಾಕುತ್ತಿದ್ದೆ. ದೊಡ್ಡಪ್ಪನ ಹಿರಿಯ ಮಗನ ಕೂಸು. ಹಿರಿಯ ಅತ್ತೆಯರು ಯಾರೋ ಸೂತಕದಲ್ಲಿದ್ದರೆಂದು ನನ್ನನ್ನು ಹಿಡಿದು ತೊಟ್ಟಿಲಿನ ಮುಂದೆ ನಿಲ್ಲಿಸಿದರು. ಗುದ್ದು ಬೀಳುತ್ತದೆಂದು ಯಾರೂ ಮೊದಲೇ ಹೇಳಿರಲಿಲ್ಲ. ಬಿತ್ತು. ನಾನು ತಿರುಗಿ ನಿಂತು, ಕೈಗೆ ಸಿಕ್ಕ ಹೊಟ್ಟೆಗೆ ಒಂದು ಕೊಟ್ಟೆ. ಅದು ಬೀಗಿತ್ತಿಯ ಹೊಟ್ಟೆಯಾಗಿತ್ತು. ಆ ಮನೆಯಲ್ಲಿ ಬಹಳ ದಿನ ನನ್ನ ಸುದ್ದಿಯೇ ಸುದ್ದಿ. ನನ್ನ ಹೆಸರು ಶಾಂತಾ. ಇಟ್ಟ ಸೋದರತ್ತೆ ಸಿಕ್ಕರೆ ಅವಳಿಗೂ ಎರಡು ಮಾತು ಕೇಳುವುದಿತ್ತು.

ಈ ಸಲದ ಗುದ್ದಿಗೆ ನಾನು ತಿರುಗಿ ಗುದ್ದಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಎರಡು ನೀರಿನ ಟಾಕಿಗಳ ಕತೆ ಹೇಳಬೇಕು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನೀವು ನನಗೆ ಗುರುತಿನವರು ಎಂಬ ಸಲಿಗೆಯಿಂದ ಹೇಳುತ್ತೇನೆ, ದನಿ ಏರಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನನ್ನ ಕಸುಬು ಕಂಟ್ರೋಲ್ ಪ್ಯಾನೆಲ್ ರಿಪೇರಿ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದಿ, ಅಣ್ಣಿಗೇರಿಯ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು, ಸುತ್ತಲಿನ ಹತ್ತಿ ಜಿನ್ನಿಂಗ್ ಮಿಲ್ಲುಗಳಿಗೆ, ನೀರಿನ ಪಂಪ್‌ಹೌಸುಗಳಿಗೆ ಹೋಗಿ ಬರುತ್ತೇನೆ. ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ. “ಅಕ್ಕಾರ, ಸರ್ ಯಾವಾಗ ಬರ್ತಾರ್ರಿ?” ಮೊದಮೊದಲು ನಯವಾಗಿ ಉತ್ತರ ಕೊಡುತ್ತಿದ್ದೆ. ಈಗ, “ಸರ್ ಬಂದ್ರು, ಚಹಾ ತರಸ್ರಿ” ಎಂದು ಹೇಳಿ ಪ್ಯಾನೆಲ್ಲಿನ ಬಾಗಿಲು ತೆಗೆಯುತ್ತೇನೆ.

ಆ ಬಾಗಿಲಿನ ಒಳಗೆ ನಡೆಯುವುದನ್ನು ಸ್ವಲ್ಪದರಲ್ಲೇ ಹೇಳಿಬಿಡುತ್ತೇನೆ, ಹೆದರಬೇಡಿ. ಒಂದೇ ಜೋಡಿ ತಂತಿ ಊರೆಲ್ಲ ಸುತ್ತಿರುತ್ತದೆ. ಅದಕ್ಕೆ ಅಲ್ಲೊಂದು ಇಲ್ಲೊಂದು ಯಂತ್ರ ಕಟ್ಟಿರುತ್ತಾರೆ. ಟಾಕಿಯಲ್ಲಿ ನೀರು ಎಷ್ಟಿದೆ ಎಂದು ಹೇಳುವುದೊಂದು, ಪೈಪಿನಲ್ಲಿ ಎಷ್ಟು ಹರಿಯಿತು ಎಂದು ಹೇಳುವುದೊಂದು. ಪಂಪ್‌ಹೌಸಿನ ಕಂಪ್ಯೂಟರಿನಲ್ಲಿ ಡ್ರೈವರ್ ಎಂಬ ಸಾಫ್ಟ್‌ವೇರ್ ಕುಳಿತು, ಮಾಸ್ತರರು ಹಾಜರಿ ಕರೆದ ಹಾಗೆ ಒಂದೊಂದೇ ನಂಬರು ಕರೆಯುತ್ತದೆ. ‘ನಂಬರ್ ಎರಡು, ನಿನ್ನ ಹತ್ತಿರ ನೀರೆಷ್ಟು?’ ಆಗ ಎರಡನೆಯದು ಮಾತ್ರ ಉತ್ತರ ಕೊಡಬೇಕು, ಉಳಿದವು ಬಾಯಿ ಮುಚ್ಚಿಕೊಂಡಿರಬೇಕು. ಈ ನಂಬರಿಗೇ ಅಡ್ರೆಸ್ ಅನ್ನುವುದು. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಶಿಸ್ತಿನ ಮೇಲೆ.

ಆದರೆ ಫ್ಯಾಕ್ಟರಿಯಿಂದ ಬರುವಾಗ ಈ ಮಾಪಕಗಳೆಲ್ಲ ಸಾಮಾನ್ಯವಾಗಿ ನಂಬರ್ ಒಂದು ಆಗಿಯೇ ಬರುತ್ತವೆ. ಅವಕ್ಕೆ ನಾವು ಬೇರೆ ಬೇರೆ ನಂಬರು ಕೊಡಬೇಕು. ಕೊಡುವಾಗ ಒಂದೊಂದನ್ನೇ ಪ್ರತ್ಯೇಕ ಕೂರಿಸಿಕೊಂಡು, ಅದೊಂದಕ್ಕೇ ಕೇಳುವ ಹಾಗೆ ‘ನೀನು ಎರಡು’, ‘ನೀನು ಮೂರು’ ಎನ್ನಬೇಕು. ಅವಸರ ಮಾಡಿ ಎಲ್ಲವನ್ನೂ ಒಂದೇ ತಂತಿಗೆ ಕಟ್ಟಿ ‘ನೀನು ಎರಡು’ ಎಂದರೆ, ಕೇಳಿಸಿಕೊಂಡವೆಲ್ಲ ಎರಡೇ ಆಗಿ ಕೂರುತ್ತವೆ. ನಮ್ಮ ಹೆಂಗಸರು ಇದನ್ನು ಯಾವ ಮ್ಯಾನುಯಲ್ಲೂ ಓದದೆ ಮಾಡಿಕೊಂಡು ಬಂದಿದ್ದಾರೆ. ತೊಟ್ಟಿಲಲ್ಲಿ ಒಂದೇ ಕೂಸು, ಕಿವಿಯ ಹತ್ತಿರ ಒಂದೇ ಬಾಯಿ.

ಹಾಗೆಂದು ನಮ್ಮ ಮನೆಯವರೇನು ಬುದ್ಧಿವಂತರಲ್ಲ. ಅಜ್ಜ ಗುರುಸಿದ್ದಪ್ಪ ತೀರಿಕೊಂಡ ಮೇಲೆ ಅವನ ಮೂವರು ಗಂಡುಮಕ್ಕಳೂ ತಮ್ಮ ತಮ್ಮ ಮಗನಿಗೆ ಅಪ್ಪನ ಹೆಸರೇ ಇಟ್ಟರು. ಹಿರಿಯರ ಹೆಸರು, ಯಾರು ಬಿಟ್ಟುಕೊಡುತ್ತಾರೆ? ಒಂದೇ ಮನೆ, ಒಂದೇ ಅಡುಗೆ, ಮೂವರು ಗುರುಸಿದ್ದಪ್ಪ. ಅಜ್ಜಿ ಪಡಸಾಲೆಯಲ್ಲಿ ನಿಂತು, “ಗುರ್ಯಾ, ಶೇಂಗಾ ಉಂಡಿ ತಿನ್ನಾಕ ಬಾರಲೇ” ಎಂದರೆ ಮೂವರೂ ಹಾಜರು. “ಗುರ್ಯಾ, ದನದ ಮನಿ ಕಸಾ ಹೊಡಿ ಬಾರಲೇ” ಎಂದರೆ ಒಬ್ಬನೂ ಇಲ್ಲ. ಸಿಕ್ಕಿದ ಮೇಲೆ, “ನೀ ಆಂವನ್ನ ಕರದಿ ಅಂತ ತಿಳಕೊಂಡೆ” ಎನ್ನುತ್ತಿದ್ದರು. ಅಜ್ಜಿ ಗಂಡನ ಹೆಸರು ಹಿಡಿದು ಬೈಯಲಾರದೆ, ಬೈಯದೆಯೂ ಇರಲಾರದೆ, ‘ಗುರ್ಯಾ’ ಎಂದು ಅರ್ಧಕ್ಕೆ ನಿಲ್ಲಿಸಿಕೊಂಡು ಒದ್ದಾಡುತ್ತಿದ್ದಳು.

ಒಮ್ಮೆ ದೊಡ್ಡಪ್ಪನ ಗುರ್ಯಾ ಮಾಸ್ತರರ ಸೈಕಲ್ಲಿನ ಗಾಳಿ ಬಿಟ್ಟ. ಮಾಸ್ತರರಿಗೆ ಯಾರೋ ಹೆಸರು ಹೇಳಿದರು. ಅವರು ವರ್ಗಕ್ಕೆ ಬಂದು, “ಗುರುಸಿದ್ದಪ್ಪ, ಎದ್ದ ನಿಂದ್ರು” ಎಂದರು. ಆ ವರ್ಗದಲ್ಲಿದ್ದವನು ನನ್ನ ಅಣ್ಣ. ಹೆಸರು ಕರೆದರು, ನಿಂತ. ಅಂಗೈ ಚಾಚು ಅಂದರು, ಚಾಚಿದ. ನಾನು ಬಾಜುವಿನ ವರ್ಗದಿಂದ ಓಡಿ ಬಂದು, “ಆಂವಾ ಅಲ್ರೀ ಮಾಸ್ತರ್ರ, ಬ್ಯಾರೆ ಗುರ್ಯಾ” ಎಂದು ಚೀರಿದೆ. ನನಗೂ ಒಂದು ಬಿತ್ತು. ಸಂಜೆಗೆ ನಿಜ ಗೊತ್ತಾಯಿತು, ಎಲ್ಲರೂ ನಕ್ಕರು, ಮಾಸ್ತರರೂ ನಕ್ಕರು. ಅಣ್ಣ ಮಾತ್ರ ನಗಲಿಲ್ಲ. ಈಗ ಅವನಿಗೆ ಮೊಮ್ಮಕ್ಕಳಿದ್ದಾರೆ. ಊರಿನ ಓರಗೆಯವರು ಇವತ್ತಿಗೂ ಅವನನ್ನು ಕರೆಯುವುದು ‘ಗಾಳಿ ಗುರ್ಯಾ’ ಎಂದೇ. ಗಾಳಿ ಬಿಟ್ಟವನು ಆರಾಮಾಗಿ ಗುರುಸಿದ್ದಪ್ಪ ಸಾಹುಕಾರ ಆಗಿದ್ದಾನೆ.

ಟಾಕಿಯ ವಿಷಯಕ್ಕೆ ಬರುತ್ತೇನೆ. ಈ ವರ್ಷ ಬಿಸಿಲು ಏರುವ ಹೊತ್ತಿಗೆ, ಮೊರಬದ ಆಚೆಯ ಒಂದು ಹಳ್ಳಿಯಿಂದ ಫೋನು ಬಂತು. ಹಳ್ಳಿಯ ಹೆಸರು ಬೇಡ, ಅಲ್ಲಿ ನನಗೆ ಈಗ ನೆಂಟರಿದ್ದಾರೆ. ಮಾತಾಡಿದವರು ಪಂಚಾಯ್ತಿಯ ಮೆಂಬರು ಶೇಖರಪ್ಪ.

“ಅಕ್ಕಾರ, ನಮ್ಮ ಪಂಪ್‌ಹೌಸಿನ ಕಂಪ್ಯೂಟರ್ ಬರೋಬ್ಬರಿ ಐತಿ ಅಂತ ನೀವು ಬಂದು ಮೀಟಿಂಗ್‌ನ್ಯಾಗ ಒಂದ್ ಮಾತ್ ಹೇಳಬೇಕ್ರಿ.”

“ನೋಡದ ಹೆಂಗ ಹೇಳ್ಲಿರಿ?”

“ನೋಡೂದೇನ್ರಿ ಅದರಾಗ? ಅಗದಿ ಹಸರ ಲೈಟ್ ಹತ್ತೈತಿ.”

ನನಗೆ ಅಲ್ಲಿಂದಲೇ ಸಿಟ್ಟು ಬರಲು ಶುರುವಾಯಿತು. ಹಸಿರು ಲೈಟು ಹತ್ತಿದ್ದಕ್ಕೆ ಸಾಕ್ಷಿ ಹೇಳಲು ಅಣ್ಣಿಗೇರಿಯಿಂದ ನಾನು ಯಾಕೆ ಹೋಗಬೇಕು? ಕೆದಕಿ ಕೇಳಿದ ಮೇಲೆ ವಿಷಯ ಹೊರಗೆ ಬಂತು. ನೀರು ಬಿಡುವ ನಿಂಗಪ್ಪನನ್ನು ತೆಗೆಯಬೇಕಾಗಿತ್ತು. ಅವನು ನೀರು ಕದ್ದು ಟ್ಯಾಂಕರಿನವರಿಗೆ ಕೊಡುತ್ತಾನೆ ಎಂಬುದು ಊರಿನ ಮಾತು, ಅದಕ್ಕೆ ಸಾಕ್ಷಿ ಕಂಪ್ಯೂಟರು, ಆ ಕಂಪ್ಯೂಟರಿಗೆ ಸಾಕ್ಷಿ ನಾನು.

ಆ ಊರಿಗೆ ಎರಡು ಟಾಕಿ. ಒಂದು ಹಳೇ ಊರಿನ ಅಗಸಿ ಬಾಗಿಲ ಹತ್ತಿರ, ಇನ್ನೊಂದು ಊರ ಹೊರಗಿನ ಎತ್ತರದಲ್ಲಿ, ಹೊಸದಾಗಿ ಮನೆ ಕಟ್ಟಿಸಿ ಕೊಟ್ಟ ಪ್ಲಾಟಿನಲ್ಲಿ. ಮೊದಲು ಎರಡಕ್ಕೂ ನಿಂಗಪ್ಪನೇ ಕೈಯಿಂದ ವಾಲ್ವ್ ತಿರುವಿ ನೀರು ತುಂಬಿಸುತ್ತಿದ್ದ. ಮನೆತನ ಕುರಿ ಕಾಯುವವರದು. ಅವನು ಕುರಿಗೆ ಸಿಳ್ಳೆ ಹೊಡೆದ ಹಾಗೆ ಊರಿಗೆ ಸಿಳ್ಳೆ ಹೊಡೆದು ನೀರು ಬಿಡುತ್ತಿದ್ದ. ಬಾಯಿ ಮಾತ್ರ ಬಹಳ ಜೋರು. ನಳ ತೆರೆದಿಟ್ಟು ಒಳಗೆ ಹೋದ ಮನೆಯ ಮುಂದೆ ನಿಂತು, ಮೂರು ತಲೆಮಾರು ಎತ್ತಿ ಬೈಯುತ್ತಿದ್ದ. ಅವನಿಗೆ ಊರಿನಲ್ಲಿ ಆಗದವರು ಕಡಿಮೆ ಇರಲಿಲ್ಲ.

ಆಮೇಲೆ ಊರಿಗೆ ಹೊಸ ಯೋಜನೆ ಬಂತು. ಗುತ್ತಿಗೆ ಕಂಪನಿಯೊಂದು ಟಾಕಿಗಳಿಗೆ ಮಾಪಕ ಹಾಕಿತು, ಮೋಟರಿನ ವಾಲ್ವ್ ಹಾಕಿತು, ಪಂಪ್‌ಹೌಸಿನಲ್ಲಿ ಕಂಪ್ಯೂಟರು ಇಟ್ಟಿತು, ಕೈಯಿಂದ ತಿರುವುವ ಚಕ್ರಗಳನ್ನು ಬಿಚ್ಚಿಕೊಂಡು ಹೋಯಿತು. ಟಾಕಿ ತುಂಬಿತು ಎಂದು ಕಂಪ್ಯೂಟರಿಗೆ ಗೊತ್ತಾದರೆ ತಾನೇ ವಾಲ್ವ್ ಬಂದ್ ಮಾಡುತ್ತದೆ. ಪಂಪು ಶುರು ಮಾಡಲು ಪಂಪ್‌ಹೌಸಿನ ಕೀಲಿ ಮಾತ್ರ ನಿಂಗಪ್ಪನ ಹತ್ತಿರ ಉಳಿಯಿತು. ಅಂದಿನಿಂದ ಪ್ಲಾಟಿನ ನಳಗಳಲ್ಲಿ ನೀರಿಗಿಂತ ಗಾಳಿ ಹೆಚ್ಚು. ಕಂಪ್ಯೂಟರು ನೋಡಿದರೆ ಪ್ಲಾಟಿನ ಟಾಕಿ ಯಾವಾಗಲೂ ಭರ್ತಿ. ತುಂಬಿದ ಟಾಕಿಯ ನೀರು ನಳಕ್ಕೆ ಬರುವುದಿಲ್ಲ, ಕೀಲಿ ನಿಂಗಪ್ಪನ ಹತ್ತಿರ ಇದೆ, ಹಾಗಾದರೆ ನೀರು ಎಲ್ಲಿ ಹೋಯಿತು? ತುಡುಗು. ನಮ್ಮ ಕಡೆ ಕಳ್ಳನಿಗೆ ತುಡುಗ ಅನ್ನುತ್ತಾರೆ. ಆ ಬೇಸಿಗೆಯಲ್ಲಿ ನಿಂಗಪ್ಪನಿಗೆ ‘ನೀರತುಡುಗ’ ಎಂದು ಹೆಸರಾಯಿತು.

ನಾನು ಪಂಪ್‌ಹೌಸಿಗೆ ಹೋದಾಗ ಶೇಖರಪ್ಪ ಕಂಪ್ಯೂಟರಿನ ಮುಂದೆ, ದೇವರ ಜಗಲಿಯ ಮುಂದೆ ನಿಂತ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದರು. ಪರದೆಯ ಮೇಲೆ ಎರಡು ಟಾಕಿಯ ಚಿತ್ರ, ಎರಡರಲ್ಲೂ ನೀಲಿ ನೀರು, ಎರಡರ ಕೆಳಗೂ ಒಂದೇ ಅಂಕಿ.

“ನೋಡ್ರಿ ಅಕ್ಕಾರ, ಎರಡೂ ತುಂಬ್ಯಾವ. ಕಂಪ್ಯೂಟರ್ ಸುಳ್ಳ ಹೇಳತೈತೇನ್ರಿ?”

ನಾನು ಸ್ಟೂಲು ಎಳೆದುಕೊಂಡು ಸುಮ್ಮನೆ ನೋಡುತ್ತ ಕುಳಿತೆ. ಅಗಸಿಯ ಟಾಕಿಯ ಅಂಕಿ ಒಂದು ಕೂದಲೆಳೆಯಷ್ಟು ಇಳಿಯಿತು. ಅದೇ ಕ್ಷಣಕ್ಕೆ ಪ್ಲಾಟಿನದೂ ಅಷ್ಟೇ ಇಳಿಯಿತು. ಚಹಾ ಬಂತು, ಕುಡಿದೆ. ಮತ್ತೆ ಅಗಸಿಯದು ಇಳಿಯಿತು, ಪ್ಲಾಟಿನದೂ ಇಳಿಯಿತು. ಊರಿನ ಆ ತುದಿಗೊಂದು ಈ ತುದಿಗೊಂದು ಇರುವ ಟಾಕಿಗಳು ಮಾತಾಡಿಕೊಂಡು ಇಳಿಯುತ್ತವೆಯೇ? ಡ್ರೈವರಿನ ಸೆಟ್ಟಿಂಗ್ ತೆರೆದು ನೋಡಿದೆ. ಅಗಸಿ ಟಾಕಿ, ಅಡ್ರೆಸ್ ಎರಡು. ಪ್ಲಾಟ್ ಟಾಕಿ, ಅಡ್ರೆಸ್ ಎರಡು.

ಅಂದರೆ ಆ ಕಂಪ್ಯೂಟರು ಪ್ಲಾಟಿನ ಟಾಕಿಯನ್ನು ಒಂದು ದಿನವೂ ಮಾತಾಡಿಸಿಯೇ ಇರಲಿಲ್ಲ. ಅಗಸಿಯ ಟಾಕಿಯನ್ನೇ ಎರಡು ಸಲ ಕೇಳಿ, ಒಂದು ಉತ್ತರವನ್ನು ಪ್ಲಾಟಿನ ಹೆಸರಿನಲ್ಲಿ ತೋರಿಸುತ್ತಿತ್ತು. ಅಗಸಿಯ ಟಾಕಿ ತುಂಬಿದರೆ ಪ್ಲಾಟಿನದೂ ತುಂಬಿತೆಂದು ತಿಳಿದು ಅಲ್ಲಿಯ ವಾಲ್ವ್ ಮುಚ್ಚುತ್ತಿತ್ತು.

“ಮೆಂಬರ್ರ, ಯಾರರ ಆ ಟಾಕಿ ಹತ್ತಿ ಒಳಗ ಇಣಿಕಿ ನೋಡೀರೇನು?”

“ಹತ್ತೂದ್ಯಾಕ್ರಿ, ಇಲ್ಲೇ ಕಾಣಸ್ತೈತಲ್ಲ?”

“ನಿಂಗಪ್ಪ ಏನಂದ?”

“ಅಂವಾ ಹತ್ತಿ, ಟಾಕಿ ಖಾಲಿ ಐತಿ ಅಂತ ಮೊಬೈಲ್‌ನ್ಯಾಗ ವಿಡಿಯೋ ಮಾಡ್ಕೊಂಡ ಬಂದಿದ್ದ. ತಾನ ಖಾಲಿ ಮಾಡಿ ತಾನ ವಿಡಿಯೋ ತಗದಾನ, ಅಷ್ಟ ತಿಳಿಯೂದುಲ್ಲೇನ್ರಿ ನಮಗ?”

ನಾನು ಏನು ಹೇಳಿದೆನೋ ಈಗ ನೆನಪಿಲ್ಲ. ಹೇಳಿದ್ದು ಬರೆಯುವಂಥದ್ದಂತೂ ಆಗಿರಲಿಕ್ಕಿಲ್ಲ. ಕಣ್ಣಾರೆ ನೋಡಿ ಬಂದ ಮನುಷ್ಯನ ಮಾತು ಸುಳ್ಳು, ನೋಡದೆ ಹೇಳುವ ಪೆಟ್ಟಿಗೆಯ ಮಾತು ನಿಜ. ಊರಿನ ಇಷ್ಟು ಜನ ಗಂಡಸರಲ್ಲಿ ಒಬ್ಬರಿಗೂ ಒಂದು ಏಣಿ ಹತ್ತಲು ಆಗಲಿಲ್ಲ. ಗಣೇಶನ ಹಬ್ಬಕ್ಕೆ ಅದೇ ಟಾಕಿಯ ಮೇಲೆ ಹತ್ತಿ ಸೀರಿಯಲ್ ದೀಪದ ಸೆಟ್ಟು ಕಟ್ಟಿದ್ದರು. ಒಣಗಿದ ವಾಯರಿನ ತುಂಡು ಇನ್ನೂ ನೇತಾಡುತ್ತಿತ್ತು.

ಪ್ಲಾಟಿಗೆ ಹೋದೆ. ನಳದ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಪಾಳಿಯಲ್ಲಿ ಕುಳಿತಿದ್ದವು, ಅವುಗಳ ಒಡತಿಯರು ಗೋಡೆಯ ನೆರಳಿನಲ್ಲಿ. ಅವರಲ್ಲಿ ದೊಡ್ಡ ದನಿ ಗಂಗವ್ವನದು. ಗಟ್ಟಿ ಆಳು, ಹೊಲದ ಕೆಲಸಕ್ಕೆ ಹೆಣ್ಣಾಳುಗಳನ್ನು ಕೂಡಿಸಿಕೊಂಡು ಹೋಗುವವಳು. ಅಂದು ನೀರಿಗಾಗಿ ಕೂಲಿ ಬಿಟ್ಟು ಕುಳಿತಿದ್ದಳು.

“ಅಕ್ಕಾರ, ಆ ನೀರತುಡುಗನ್ನ ತಗದ್ರೇನ್ರಿ?” ಎಂದಳು.

“ಮೊದಲ ಟಾಕಿ ನೋಡೂಣು” ಎಂದು ನಾನು ಏಣಿ ಹತ್ತಿದೆ.

ಹತ್ತಿದೆ ಎಂದು ಹೇಳುವುದು ಸುಲಭ. ನನಗೆ ಎತ್ತರ ಎಂದರೆ ಆಗುವುದಿಲ್ಲ. ಅರ್ಧಕ್ಕೆ ಏಣಿಯನ್ನು ತಬ್ಬಿಕೊಂಡು ನಿಂತೆ, ಕೆಳಗಿನಿಂದ ಹೆಂಗಸರು ‘ಸಾವಕಾಶ್ರೀ ಯವ್ವಾ’ ಎನ್ನುತ್ತಿದ್ದರು. ಸಿಟ್ಟು ಇರದಿದ್ದರೆ ಅಲ್ಲಿಂದಲೇ ಇಳಿದು ಬರುತ್ತಿದ್ದೆ. ನನ್ನ ಸಿಟ್ಟಿನಿಂದ ಜನ್ಮದಲ್ಲಿ ಆದ ಉಪಕಾರ ಅದೊಂದೇ ಇರಬೇಕು.

ಮೇಲೆ ಮುಚ್ಚಳ ಸರಿಸಿ ಇಣುಕಿದೆ. ತಳದಲ್ಲಿ ಒಂದಿಷ್ಟು ಹಸಿ, ಅದರಲ್ಲಿ ಪಾರಿವಾಳದ ಪುಕ್ಕ. ಮಾಪಕದ ಪೆಟ್ಟಿಗೆ ಬಿಚ್ಚಿದೆ. ತಂತಿಯನ್ನು ಯಾರೋ ಕತ್ತರಿಸಿದ್ದರು. ಇಲಿ ಕಡಿದದ್ದಲ್ಲ, ಬಿಸಿಲಿಗೆ ಹರಿದದ್ದಲ್ಲ. ಕಟರಿನಿಂದ ನೀಟಾಗಿ ಕತ್ತರಿಸಿ, ತುದಿಗೆ ಕಪ್ಪು ಟೇಪು ಸುತ್ತಿ, ಯಾರಿಗೂ ಕಾಣದ ಹಾಗೆ ಪೆಟ್ಟಿಗೆಯ ಒಳಗೆ ಮಡಚಿ ಇಟ್ಟಿದ್ದರು. ಅಷ್ಟು ಅಚ್ಚುಕಟ್ಟಾದ ಕೆಲಸ ಇಡೀ ಯೋಜನೆಯಲ್ಲಿ ಅದೊಂದೇ.

ಅಲ್ಲಿಯೇ ಟಾಕಿಯ ಮೇಲೆ ಕುಳಿತು ಕಂಪನಿಯ ಎಂಜಿನಿಯರಿಗೆ ಫೋನು ಹಚ್ಚಿದೆ. ದಕ್ಷಿಣದ ಕಡೆಯ ಹುಡುಗ, ಮಾತು ಬಹಳ ನಯ.

“ಓ ಅದಾ ಮೇಡಂ. ಕಮಿಷನಿಂಗ್ ಟೈಮಲ್ಲಿ ಎರಡು ಸೆನ್ಸರನ್ನೂ ಒಟ್ಟಿಗೆ ಲೈನಿಗೆ ಹಾಕಿ ಅಡ್ರೆಸ್ ಬರೆದ್ವಿ. ಎರಡೂ ಎರಡೇ ಆಗೋಯ್ತು. ಎರಡೂ ಒಟ್ಟಿಗೆ ಉತ್ತರ ಕೊಡ್ತಾ ಇದ್ವು, ಸ್ಕ್ರೀನ್ ಎಲ್ಲ ಕೆಂಪು. ಬೆಳಿಗ್ಗೆ ಉದ್ಘಾಟನೆ ಇತ್ತು. ಅದಕ್ಕೆ ಒಂದನ್ನ ಕಟ್ ಮಾಡಿ, ಡ್ರೈವರಲ್ಲಿ ಎರಡೂ ಟ್ಯಾಂಕಿಗೆ ಅದೇ ನಂಬರ್ ಕೊಟ್ವಿ. ಟೆಂಪರರಿ ಅಷ್ಟೇ.”

“ಆಮ್ಯಾಲೆ ಸರಿ ಮಾಡಬೇಕಿತ್ತಲ್ಲ?”

“ಯಾರೂ ಕಂಪ್ಲೇಂಟ್ ಮಾಡ್ಲಿಲ್ಲ ಮೇಡಂ.”

ಯಾರೂ ಕಂಪ್ಲೇಂಟ್ ಮಾಡಲಿಲ್ಲ! ಕೆಳಗೆ ಕೊಡಗಳ ಪಾಳಿ ಕಾಣುತ್ತಿತ್ತು. ನಾನು ಆ ಹುಡುಗನಿಗೆ ಬೈದದ್ದು ಕೆಳಗಿನವರಿಗೆಲ್ಲ ಕೇಳಿಸಿತಂತೆ. ಬೈದು ಮುಗಿಸಿದ ಮೇಲೂ ನನಗೆ ಸಮಾಧಾನ ಆಗಲಿಲ್ಲ. ತಪ್ಪು ಎಲ್ಲರಿಂದಲೂ ಆಗುತ್ತದೆ, ನಂಬರು ಎರಡೆರಡಾಗುವುದು ನಮ್ಮ ಕಸುಬಿನಲ್ಲಿ ದಿನಾ ಆಗುವ ತಪ್ಪು. ಯಂತ್ರಗಳು ಪಾಪ, ನಿಜವನ್ನೇ ಹೇಳಿದ್ದವು. ಎರಡೂ ಒಟ್ಟಿಗೆ ಓಗೊಟ್ಟು, ಏನೋ ತಪ್ಪಾಗಿದೆ ಎಂದು ಕೆಂಪು ತೋರಿಸಿದ್ದವು. ಕೆಂಪು ಕಂಡರೆ ಉದ್ಘಾಟನೆಗೆ ಬಂದವರಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಅವುಗಳಲ್ಲಿ ಒಂದರ ಬಾಯಿ ಕಟ್ಟಿ, ಇನ್ನೊಂದರಿಂದ ಸುಳ್ಳು ಹೇಳಿಸಿದರಲ್ಲ, ಅದು ತಪ್ಪಲ್ಲ. ಅದಕ್ಕೆ ಬೇರೆ ಹೆಸರಿದೆ. ಊರಿನವರು ಆ ಹೆಸರನ್ನು ನಿಂಗಪ್ಪನಿಗೆ ಇಟ್ಟಿದ್ದರು.

ಸರಿ ಮಾಡುವ ಕೆಲಸ ದೊಡ್ಡದೇನಿರಲಿಲ್ಲ. ಅಗಸಿಯ ಮಾಪಕವನ್ನು ಸ್ವಲ್ಪ ಹೊತ್ತು ತಂತಿಯಿಂದ ಬಿಡಿಸಿದೆ. ಪ್ಲಾಟಿನದರ ಕಪ್ಪು ಟೇಪು ಬಿಚ್ಚಿ, ತಂತಿ ಕೂಡಿಸಿ, ಅದೊಂದನ್ನೇ ಲ್ಯಾಪ್‌ಟಾಪಿಗೆ ಕಟ್ಟಿಕೊಂಡು ‘ನೀನು ಮೂರು’ ಎಂದು ಬರೆದೆ. ಬರೆಯುವಾಗ ನನಗೆ ಗೊತ್ತಿಲ್ಲದೆಯೇ ಬಾಯಿಂದ ‘ಕುರ್ರ್’ ಎಂದು ಬಂತು. ಯಾರೂ ಕೇಳಲಿಲ್ಲ, ಪುಣ್ಯಕ್ಕೆ. ಆಮೇಲೆ ಅಗಸಿಯದನ್ನು ಮತ್ತೆ ತಂತಿಗೆ ಕೂಡಿಸಿ, ಪಂಪ್‌ಹೌಸಿಗೆ ಬಂದು ಡ್ರೈವರಿನಲ್ಲಿ ಪ್ಲಾಟ್ ಟಾಕಿಯ ಮುಂದಿನ ಎರಡನ್ನು ಅಳಿಸಿ ಮೂರು ಹಾಕಿದೆ. ಪರದೆಯ ಮೇಲೆ ಪ್ಲಾಟಿನ ಟಾಕಿಯ ನೀಲಿ ನೀರು ಸರ್ರನೆ ತಳಕ್ಕೆ ಇಳಿಯಿತು. ಮೋಟರಿನ ವಾಲ್ವ್ ಗುರ್ ಎಂದು ತೆರೆಯಿತು.

ಶೇಖರಪ್ಪ ಒಮ್ಮೆ ಪರದೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಅಂದ್ರ ಇಷ್ಟ ದಿನ ಇದು ಖಾಲಿನ ಇತ್ತ?”

“ಇತ್ತು.”

“ಆತ್ ಬಿಡ್ರಿ, ಟೆಕ್ನಿಕಲ್ ಪ್ರಾಬ್ಲಮ್. ಈಗ ಬರೋಬ್ಬರಿ ಆತಲ್ಲ.”

“ನಿಂಗಪ್ಪಗ ಏನ್ ಹೇಳ್ತೀರಿ?”

“ಅಂವಗೇನ್ ಹೇಳೂದ್ರಿ? ಬಾ ಅಂದ್ರ ಬರ್ತಾನ.”

ಮೀಟಿಂಗಿನಲ್ಲೂ ಅಷ್ಟೇ. ನಾನು ನಿಂತು, ಕಂಪ್ಯೂಟರು ಬರೋಬ್ಬರಿ ಇರಲಿಲ್ಲ, ನಿಂಗಪ್ಪ ಹೇಳಿದ್ದೇ ನಿಜ, ಎಂದು ಹೇಳಿದೆ. ಎಲ್ಲರೂ ತಲೆ ಅಲ್ಲಾಡಿಸಿ ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯ ಬೀದಿ ದೀಪ. ಕಂಪನಿಯವರ ಮೇಲೆ ಏನೂ ಆಗಲಿಲ್ಲ, ಮುಂದೆಯೂ ಆಗುವುದಿಲ್ಲ, ಆ ಮಾತು ಬೇಡ, ಬಿ.ಪಿ. ಮಾತ್ರೆ ನುಂಗಿ ಕುಳಿತಿದ್ದೇನೆ.

ನಿಂಗಪ್ಪ ಬರಲಿಲ್ಲ. ತನ್ನನ್ನು ತೆಗೆಯಲು ಮೀಟಿಂಗು ಎಂದು ಕೇಳಿದ ದಿನವೇ ಅವನು ಕೀಲಿಯನ್ನು ಪಂಚಾಯ್ತಿಯ ಕಟ್ಟೆಯ ಮೇಲೆ ಬೀಸಿ ಒಗೆದು ಮನೆಯಲ್ಲಿ ಕುಳಿತಿದ್ದ. ನಾನೇ ಹೋದೆ. ಕುರಿಗೆ ಹುಲ್ಲು ಹಾಕುತ್ತಿದ್ದವನು ತಲೆ ಎತ್ತಲಿಲ್ಲ.

“ಕಾಕಾ, ಟಾಕಿ ಸರಿ ಆತು. ಬರ್ರಿ, ಕೀಲಿ ತಗೋರಿ.”

“ತುಡುಗನ ಕೈಯಾಗ ಕೀಲಿ ಯಾಕ ಕೊಡ್ತೀರಿ?”

“ನೀವು ತುಡುಗ ಅಲ್ಲ ಅಂತ ಗೊತ್ತಾತಲ್ರಿ.”

“ಯಾರಿಗೆ ಗೊತ್ತಾತು? ನಿಮಗ ಗೊತ್ತಾತು, ಆ ಪೆಟಗಿಗೆ ಗೊತ್ತಾತು.” ಅವನು ಹುಲ್ಲಿನ ಸಿವುಡು ನೆಲಕ್ಕೆ ಬಡಿದ. “ಓಣ್ಯಾಗ ಸಣ್ಣ ಹುಡುಗ್ರು ನೀರತುಡುಗನ ಮನಿ ಅಂತ ಗುರ್ತ ಹೇಳ್ತಾವ. ನನ್ನ ಸೊಸಿ ಬಸರಿ. ಹುಟ್ಟೋ ಕೂಸು ಏನಂತ ಕರಸ್ಕೋಬೇಕು?”

ಸ್ಕೂಟಿಯ ಮೇಲೆ ಅಣ್ಣಿಗೇರಿಯವರೆಗೂ ಬೈದುಕೊಂಡೇ ಬಂದೆ. ಯಂತ್ರದ ನಂಬರು ತಿದ್ದುವುದು ಚಹಾ ಆರುವಷ್ಟರೊಳಗೆ ಆಗುವ ಕೆಲಸ. ಮನುಷ್ಯನಿಗೆ ಊರೆಲ್ಲ ಕೇಳುವ ಹಾಗೆ ಇಟ್ಟ ಹೆಸರನ್ನು ಅಳಿಸುವುದು ಹೇಗೆ? ಎಲ್ಲರ ತಲೆ ತೆರೆದು ಸೆಟ್ಟಿಂಗ್ ಬದಲಿಸಲು ನನಗೆ ಬರುವುದಿಲ್ಲ. ನನ್ನ ಅಣ್ಣನ ‘ಗಾಳಿ’ಯನ್ನೇ ನಾನು ಇದುವರೆಗೆ ಅಳಿಸಲಾಗಿಲ್ಲ.

ಅದಾದ ಮೇಲೆ ಆ ಊರಿನ ಕೀಲಿ ಯಾರ್‍ಯಾರ ಕೈಗೋ ಹೋಯಿತು. ಪ್ಲಾಟಿಗೆ ನೀರು ಬರತೊಡಗಿತು, ಆದರೆ ಹೊತ್ತು ಗೊತ್ತಿಲ್ಲದೆ. ಪಂಪು ಶುರು ಮಾಡುವವನು ಎದ್ದಾಗ ನೀರು, ಮಲಗಿದಾಗ ಇಲ್ಲ. ಬೇಸಿಗೆ ಹೋಗಿ ಮಳೆ ಬಂತು, ಹೆಸರು ಕಾಳು ಒಕ್ಕಣೆ ಆಯಿತು. ಆಮೇಲೆ ಒಂದು ದಿನ ನಿಂಗಪ್ಪನ ಫೋನು ಬಂತು.

“ತಂಗಿ, ಹೆಣ್ಣ ಕೂಸು ಆಗೇತಿ. ನನ್ನ ಮಗಗ ಅಕ್ಕ ತಂಗಿ ಯಾರೂ ಇಲ್ಲ. ನೀ ಬಂದು ಹೆಸರಿಡು. ಟಾಕಿಗೆ ನಂಬರ ಇಟ್ಟಾಕಿ ನೀ, ಹೆಂಗೂ ನಿನ್ನ ಉದ್ಯೋಗನ ಅದಲ್ಲ?”

‘ಅಕ್ಕಾರ’ ಹೋಗಿ ‘ತಂಗಿ’ ಆಗಿತ್ತು. ಬಾಣಂತಿಗೆ ಕುಬಸ, ಕೂಸಿನ ತಲೆಗೆ ಕುಂಚಿಗೆ ತೆಗೆದುಕೊಂಡು ಹೋದೆ.

ಮನೆಯ ಮುಂದೆ ಚಪ್ಪರ ಹಾಕಿದ್ದರು, ಒಳಗೆ ಗುಗ್ಗರಿ ಕುದಿಯುತ್ತಿತ್ತು. ನಿಂಗಪ್ಪ ಹೊಸ ಧೋತರ ಉಟ್ಟು ಕಟ್ಟೆಯ ಮೇಲೆ ಕುಳಿತು ಬೀದಿ ನೋಡುತ್ತಿದ್ದ. ಪ್ಲಾಟಿನ ಮನೆಮನೆಗೂ ಅವನ ಹೆಂಡತಿಯೇ ಹೋಗಿ ಕುಂಕುಮ ಹಚ್ಚಿ ಕರೆದು ಬಂದಿದ್ದಳಂತೆ. ಹೇಳಿದ ಹೊತ್ತು ಮೀರಿತು. ತೊಟ್ಟಿಲಿನ ಸುತ್ತ ಮನೆಯವರೇ ನಾಲ್ಕು ಜನ. ಎಲ್ಲರ ಕಣ್ಣೂ ಬಾಗಿಲಿನ ಕಡೆಗೇ ಇತ್ತು. ಗುದ್ದಲು ಹೆಂಗಸರಿಲ್ಲದೆ ಹೆಸರಿಟ್ಟರೆ ಅದು ಹೆಸರಿಟ್ಟ ಹಾಗೇ ಅಲ್ಲ.

ಆಮೇಲೆ ಬಂದರು. ಗಂಗವ್ವ ಮುಂದೆ, ಹಿಂದೆ ಪ್ಲಾಟಿನ ಹೆಂಗಸರು, ಕೈಯಲ್ಲಿ ಉಡಿ ತುಂಬುವ ಸಾಮಾನು. ನಿಂಗಪ್ಪನ ಮುಖ ನೋಡದೆ, ತಲೆ ಬಗ್ಗಿಸಿಕೊಂಡು ಸರಸರ ಒಳಗೆ ಬಂದು ನನ್ನ ಹಿಂದೆ ನಿಂತರು. ಕೂಸನ್ನು ತೊಟ್ಟಿಲಿಗೆ ಹಾಕಿದರು. ನಿಂಗಪ್ಪನ ತಾಯಿಯ ಹೆಸರು ಯಲ್ಲವ್ವ, ಅದನ್ನೇ ಇಡುವುದೆಂದು ಮಾತಾಗಿತ್ತು. ನಾನು ಬಗ್ಗಿ, ಆ ಪುಟ್ಟ ಕಿವಿಯ ಹತ್ತಿರ ‘ಕುರ್ರ್’ ಎಂದು, “ಯಲ್ಲವ್ವ” ಎಂದೆ. ಹಿಂದೆ ಗಂಗವ್ವನ ಬಳೆಗಳ ಸದ್ದಾಯಿತು. ಕೈ ಎತ್ತಿದ್ದಳು.

ಆ ಸದ್ದು ಕೇಳಿ ನನಗೆ ಬೇಸಿಗೆಯಿಂದ ಕೂಡಿಟ್ಟ ಸಿಟ್ಟೆಲ್ಲ ಒಮ್ಮೆಗೇ ನೆತ್ತಿಗೇರಿತು.

“ಗಂಗವ್ವ, ನಿಂದ್ರು,” ಎಂದೆ, ಬಗ್ಗಿದ ಹಾಗೆಯೇ. “ಕೂಸಿನ ಹೆಸರ ನಾ ಹೇಳಿದೆ. ಕೂಸಿನ ಅಜ್ಜನ ಹೆಸರ ನೀ ಹೇಳು. ಇಲ್ಲೆ, ಎಲ್ಲಾರೂ ಕೇಳೂ ಹಂಗ. ಆಮ್ಯಾಲೆ ಗುದ್ದು.”

ಹೆಸರಿಡಲು ಬಂದವಳು ಜಗಳ ತೆಗೆದೆನಲ್ಲ, ಈಗ ಇವಳು ಹೆಂಗಸರನ್ನು ಕರೆದುಕೊಂಡು ಎದ್ದು ಹೋದರೆ ಈ ಮನೆಯ ಗತಿ ಏನು ಎಂದು ಹೆದರಿಕೆಯೂ ಆಯಿತು.

ಗಂಗವ್ವ ಬಾಗಿಲಿನ ಕಡೆ ತಿರುಗಿದಳು. ಅವಳ ದನಿ ಎಂದಿನಂತೆ ದೊಡ್ಡದೇ ಇತ್ತು, ಬೀದಿಗೂ ಕೇಳಿಸಿರಬೇಕು.

“ನಿಂಗಪ್ಪಣ್ಣಾ, ಆ ಮಾತ ಮೊದಲ ಅಂದಾಕಿ ನಾನ. ನನ್ನ ಕೊಡಾ ಖಾಲಿ ಇತ್ತು, ಬಾಯಿಗೆ ಬಂದಿದ್ದ ಅಂದೆ. ನೀ ತುಡುಗ ಅಲ್ಲ. ತಪ್ಪಾತು.”

ನಿಂಗಪ್ಪ ಕಟ್ಟೆ ಇಳಿದು ಬಾಗಿಲಿಗೆ ಬಂದು ನಿಂತ.

“ನಾಳಿ ಮುಂಜಾನಿ ಸಿಳ್ಳಿ ಹೊಡಿತೇನಿ. ಕೊಡಾ ತೊಳದ ಇಟ್ಟಿರು,” ಎಂದ. ಮತ್ತೆ, “ಈಗ ಗುದ್ದಬೇ. ಸಾವಕಾಶ. ಕೂಸ ಮಲಗೇತಿ.”

ಗಂಗವ್ವ ಸಾವಕಾಶ ಗುದ್ದಲಿಲ್ಲ.